ಪದರದ ಮೇಲೆ ಪದರ: ಉಗುರುಬಣ್ಣದ ಮನೆ ವಿನ್ಯಾಸವೂ ಬಳೆ ಅಂಗಡಿಯ ವಹಿವಾಟೂ

ಸವದತ್ತಿ ಭಾಗದ ಚಚಡಿ ಗ್ರಾಮವು ದೇಸಗತಿ ಮನೆತನದ ವಾಡೆಯಿಂದ ಹೆಸರಾದ ಊರು. ಇಂತಹ ಊರುಗಳ ಹೆಣ್ಣುಮಕ್ಕಳ ಅಲಂಕಾರ ಸಾಮಗ್ರಿಯ ಖರೀದಿಯು ಬಹುಮಟ್ಟಿಗೆ ಬೈಲಹೊಂಗಲ ಹಾಗೂ ಸವದತ್ತಿ ಪೇಟೆಯ ಬಳೆ ಅಂಗಡಿಗಳಲ್ಲಿ, ಸುತ್ತಲಿನ ವಾರದ ಸಂತೆಗಳಲ್ಲಿ, ಯಲ್ಲಮ್ಮನ ಗುಡ್ಡದ ಜಾತ್ರೆಯ ಸಾಲಂಗಡಿಗಳಲ್ಲಿ ನಡೆಯುತ್ತದೆ. ಹಸಿರು ಬಳೆ, ಕುಂಕುಮ, ಟಿಕಳಿ, ಪಿನ್ನು, ರಿಬ್ಬನ್ನುಗಳ ಪಕ್ಕದಲ್ಲಿ ನೇಲ್ ಪಾಲಿಶ್ ಬಾಟಲಿಗಳ ಒಂದು ಟ್ರೇ ಇರುವುದು ವಾಡಿಕೆ. ಹಲವು ವರ್ತಕರು ಆ ಟ್ರೇಯನ್ನು ಚಿಲ್ಲರೆ ಸಾಮಾನೆಂದೇ ಎಣಿಸುತ್ತಾರೆ. ಬಂದವರು ಬಣ್ಣ ನೋಡಿ ಆರಿಸುತ್ತಾರೆ, ಹಣ ಕೊಟ್ಟು ಹೋಗುತ್ತಾರೆ, ಅಲ್ಲಿಗೆ ವ್ಯವಹಾರ ಮುಗಿಯಿತು ಎಂಬ ಭಾವನೆ.

ಆದರೆ ಗಿರಾಕಿ ಬದಲಾಗಿದ್ದಾಳೆ. ಕಾಲೇಜಿಗೆ ಹೋಗುವ ಹುಡುಗಿ ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದು, ಒಂದೇ ಉಗುರಿನ ಮೇಲೆ ಎರಡು ಮೂರು ಬಣ್ಣಗಳನ್ನು ಪದರ ಪದರವಾಗಿ ಹಚ್ಚಿ ಚುಕ್ಕಿ, ಗೆರೆ, ಮಿನುಗು ಮೂಡಿಸುವ ವಿನ್ಯಾಸಕ್ಕೆ ಬೇಕಾದುದನ್ನು ಕೇಳುತ್ತಾಳೆ. ಅಂಗಡಿಕಾರರು ಕೈಗೆ ಸಿಕ್ಕ ಎರಡು ಬಾಟಲಿ ಕೊಟ್ಟು ಕಳುಹಿಸುತ್ತಾರೆ. ಮನೆಯಲ್ಲಿ ಆಕೆ ಕೆಂಪಿನ ಮೇಲೆ ಬಿಳಿ ಹಚ್ಚಿದರೆ ಬಿಳಿಯು ಗುಲಾಬಿಯಾಗುತ್ತದೆ, ಕುಂಚ ಎಳೆದಲ್ಲಿ ಕೆಳಗಿನ ಬಣ್ಣವೇ ಕಿತ್ತು ಬರುತ್ತದೆ, ಮರುದಿನ ಹೊತ್ತಿಗೆ ಸಿಪ್ಪೆ ಏಳುತ್ತದೆ. ಆಕೆ ಅದನ್ನು ತನ್ನ ಕೈಯ ದೋಷವೆಂದು ತಿಳಿಯುವುದಿಲ್ಲ. ಆ ಅಂಗಡಿಯ ಮಾಲು ಸರಿಯಿಲ್ಲವೆಂದು ಗೆಳತಿಯರಿಗೂ ಹೇಳುತ್ತಾಳೆ, ಮುಂದಿನ ಬಾರಿ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾಳೆ. ಉತ್ತಮ ಮಾಲನ್ನೇ ಕೊಟ್ಟಿದ್ದ ವರ್ತಕನಿಗೆ ಇದರಿಂದ ಆಗುವ ನಷ್ಟ ಒಂದು ಬಾಟಲಿಯದಲ್ಲ. ಪದರ ವಿನ್ಯಾಸ ಕೈಗೂಡಿದ ಗಿರಾಕಿ ಮುಂದೆ ಬೇಸ್ ಕೋಟ್, ಟಾಪ್ ಕೋಟ್, ಬಿಳಿ, ಮಿನುಗು, ರಿಮೂವರ್ ಎಂದು ಐದಾರು ವಸ್ತು ಕೊಳ್ಳುವವಳು. ಆಕೆಯನ್ನು ಉಳಿಸಿಕೊಳ್ಳಲು ಬೇಕಾದ ತಿಳಿವಳಿಕೆ ದೊಡ್ಡದೇನಲ್ಲ, ಆದರೆ ಅದು ಬಾಟಲಿಯ ಚೀಟಿಯ ಮೇಲೆ ಅಚ್ಚಾಗಿರುವುದಿಲ್ಲ.

ಮೋಟಾರು ಗಾಡಿಯ ಬಣ್ಣದ ತಂಗಿ

ಇಂದಿನ ಉಗುರುಬಣ್ಣದ ಮೂಲ ಸೌಂದರ್ಯ ಮಳಿಗೆಯಲ್ಲಿಲ್ಲ, ಮೋಟಾರು ಕಾರ್ಖಾನೆಯಲ್ಲಿದೆ. ಅಮೆರಿಕದ ಡುಪಾಂಟ್ ಸಂಸ್ಥೆಯು 1920ರ ದಶಕದಲ್ಲಿ ಕಾರುಗಳಿಗಾಗಿ ನೈಟ್ರೋಸೆಲ್ಯುಲೋಸ್ ಆಧಾರಿತ ‘ಡುಕೊ’ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ದಿನಗಟ್ಟಲೆ ಒಣಗುತ್ತಿದ್ದ ಎಣ್ಣೆ ಬಣ್ಣದ ಬದಲಿಗೆ ಅಲ್ಪ ಕಾಲದಲ್ಲೇ ಒಣಗಿ ಹೊಳೆಯುವ ಬಣ್ಣವದು. ಅದೇ ವಿದ್ಯೆ ಉಗುರಿಗೂ ಇಳಿಯಿತು. 1932ರಲ್ಲಿ ಆರಂಭವಾದ ರೆವ್ಲಾನ್ ಸಂಸ್ಥೆಯು ಒಳಗಿನ ಉಗುರು ಕಾಣದಂತೆ ಮುಚ್ಚುವ ದಟ್ಟ ಬಣ್ಣಗಳಿಂದ ಹೆಸರು ಮಾಡಿತು. ನಮ್ಮ ದೇಶದಲ್ಲಿ ಟಾಟಾ ಸಮೂಹವು 1952ರಲ್ಲಿ ಲ್ಯಾಕ್ಮೆಯನ್ನು ಪ್ರಾರಂಭಿಸಿತು. 1998ರಲ್ಲಿ ಅದು ಹಿಂದೂಸ್ಥಾನ್ ಲೀವರ್ ಪಾಲಾಯಿತು.

ಈ ನಂಟು ಬರೀ ಕುತೂಹಲದ ಸಂಗತಿಯಲ್ಲ. ಗಾಡಿಗೆ ಬಣ್ಣ ಹೊಡೆಯುವ ಯಾವುದೇ ಗ್ಯಾರೇಜಿನ ಪೇಂಟರನಿಗೆ ಮೊದಲು ಪ್ರೈಮರ್, ಅನಂತರ ಬಣ್ಣ, ಕೊನೆಗೆ ಹೊಳಪಿನ ಪಾರದರ್ಶಕ ಲೇಪ ಎಂಬ ಕ್ರಮ ಬಾಯಿಪಾಠ. ಉಗುರಿಗೂ ಕ್ರಮ ಅದೇ. ಪದರ ವಿನ್ಯಾಸದ ಮರ್ಮವನ್ನು ಸೌಂದರ್ಯವರ್ಧಕ ಮಾರುವವರಿಗಿಂತ ಆ ಪೇಂಟರನೇ ಬೇಗ ಗ್ರಹಿಸಿಯಾನು.

ಬಾಟಲಿಯೊಳಗೆ ಮುಖ್ಯವಾಗಿ ಇರುವುದು ಪೊರೆಯಾಗುವ ನೈಟ್ರೋಸೆಲ್ಯುಲೋಸ್, ಪೊರೆಗೆ ಹಿಡಿತ ಕೊಡುವ ರಾಳ, ಒಡೆಯದಂತೆ ಬಾಗಿಸುವ ವಸ್ತು, ಬಣ್ಣದ ಪುಡಿ, ಆ ಪುಡಿ ತಳಕ್ಕಿಳಿಯದಂತೆ ಹಿಡಿದಿಡುವ ಜೇಡಿಯಂಥ ವಸ್ತು; ಇವೆಲ್ಲವನ್ನೂ ಕರಗಿಸಿ ಹರಿಯುವಂತೆ ಮಾಡುವುದು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳು. ಹಚ್ಚಿದ ಮೇಲೆ ದ್ರಾವಕ ಆವಿಯಾಗುತ್ತದೆ, ಪೊರೆ ಉಳಿಯುತ್ತದೆ. ಕಿಟಕಿ ಬಾಗಿಲಿಗೆ ಹಚ್ಚುವ ಎಣ್ಣೆ ಬಣ್ಣವು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಉಗುರುಬಣ್ಣ ಹಾಗಲ್ಲ. ಅದು ದ್ರಾವಕ ಹಾರಿದ್ದರಿಂದ ಒಣಗಿದ್ದು, ದ್ರಾವಕ ತಾಗಿದೊಡನೆ ಮತ್ತೆ ಕರಗುತ್ತದೆ. ರಿಮೂವರ್ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಎರಡನೆಯ ಬಣ್ಣವನ್ನು ಹಚ್ಚುವುದೆಂದರೆ ಮೊದಲ ಬಣ್ಣದ ಮೇಲೆ ಅಷ್ಟಿಷ್ಟು ರಿಮೂವರ್ ಸವರಿದಂತೆಯೇ. ಪದರ ವಿನ್ಯಾಸದ ಸೋಲು ಗೆಲುವು ಇಲ್ಲಿ ನಿರ್ಧಾರವಾಗುತ್ತದೆ.

ತೆಳುವು, ತಾಳ್ಮೆ, ಹಗುರ ಕೈ

ಬೆರಳು ತಾಗಿಸಿದರೆ ಅಂಟುವುದಿಲ್ಲವೆಂದ ಮಾತ್ರಕ್ಕೆ ಬಣ್ಣ ಒಣಗಿತೆಂದು ಅರ್ಥವಲ್ಲ. ಮೇಲ್ಮೈ ಬೇಗ ಬಿಗಿಯುತ್ತದೆ, ಒಳಗಿನ ದ್ರಾವಕ ಸಿಕ್ಕಿಬಿದ್ದಿರುತ್ತದೆ. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು ಎನ್ನುವುದು ಇದಕ್ಕಾಗಿ. ಕುಂಚವನ್ನು ಬಾಟಲಿಯ ಕೊರಳಿಗೆ ಒರೆಸಿ, ಮೊದಲು ಉಗುರಿನ ನಡುವೆ ಒಂದು ಗೆರೆ, ಆಮೇಲೆ ಎರಡು ಬದಿಗೆ ಒಂದೊಂದು ಗೆರೆ ಎಳೆದರೆ ಸಾಕು. ಒಂದು ಲೇಪಕ್ಕೂ ಇನ್ನೊಂದಕ್ಕೂ ಕೆಲವು ನಿಮಿಷಗಳ ಬಿಡುವು ಬೇಕು. ಮೇಲೆ ಬೇರೆ ಬಣ್ಣದ ವಿನ್ಯಾಸ ಬರೆಯುವುದಿದ್ದರೆ ಕಾಲು ಗಂಟೆಯಾದರೂ ಕಾಯಬೇಕು, ಇನ್ನಷ್ಟು ಕಾದರೆ ಒಳಿತು. ಪೂರ್ತಿ ಗಟ್ಟಿಯಾಗಲು ಹಲವು ಗಂಟೆಗಳೇ ಹಿಡಿಯುತ್ತವೆ. ಮದುವೆಯ ದಿನ ಬೆಳಗಿನ ಗಡಿಬಿಡಿಯಲ್ಲಿ ಹಚ್ಚಿಕೊಂಡ ವಿನ್ಯಾಸವು ಸೀರೆಯ ನಿರಿಗೆ ಹಿಡಿಯುವಷ್ಟರಲ್ಲಿ ಕೆಡುವುದು ಸಹಜ; ಹಿಂದಿನ ಸಂಜೆಯೇ ಹಚ್ಚಿರೆಂದು ಗಿರಾಕಿಗೆ ಹೇಳಬೇಕಾದವರು ಅಂಗಡಿಕಾರರೇ.

ಬೇಸ್ ಕೋಟ್ ಏಕೆ ಎಂಬ ಪ್ರಶ್ನೆಗೆ ‘ಉಗುರಿಗೆ ಒಳ್ಳೆಯದು’ ಎಂಬ ಉತ್ತರ ಸಾಲದು. ಅದು ಉಗುರಿಗೂ ಬಣ್ಣಕ್ಕೂ ನಡುವೆ ಹಿಡಿತ ಕೊಡುತ್ತದೆ, ಕಡುಗೆಂಪಿನಂಥ ಬಣ್ಣಗಳಿಂದ ಉಗುರು ಹಳದಿಗಟ್ಟುವುದನ್ನು ತಡೆಯುತ್ತದೆ. ಟಾಪ್ ಕೋಟ್ ಹೊಳಪಿನೊಂದಿಗೆ ಕವಚವನ್ನೂ ಒದಗಿಸುತ್ತದೆ. ಅದನ್ನು ಹಚ್ಚುವಾಗ ಕುಂಚದ ತುದಿ ಕೆಳಗಿನ ಚಿತ್ರಕ್ಕೆ ಉಜ್ಜದಂತೆ, ದ್ರವದ ಹನಿಯೊಂದನ್ನು ತೇಲಿಸಿ ಹರಡಬೇಕು. ಒತ್ತಿ ಎಳೆದರೆ ಚುಕ್ಕಿಗಳು ಬಾಲ ಬೆಳೆಸಿಕೊಳ್ಳುತ್ತವೆ. ಉಗುರಿನ ತುದಿಯ ಅಂಚಿಗೂ ಅದನ್ನು ಸುತ್ತಿ ಮುಚ್ಚುವುದು ಈ ಭಾಗದಲ್ಲಿ ವಿಶೇಷವಾಗಿ ಅಗತ್ಯ. ದಿನವೂ ಜೋಳದ ರೊಟ್ಟಿ ಬಡಿಯುವ ಕೈಯ ಉಗುರುತುದಿ ಕೊಣಮಿಗೆಗೆ ತಾಗುತ್ತಲೇ ಇರುತ್ತದೆ, ಸಿಪ್ಪೆ ಏಳುವುದು ಅಲ್ಲಿಂದಲೇ. ಅಂಚು ಎದ್ದ ಬಣ್ಣವನ್ನು ಹಿಟ್ಟು ನಾದುವ ಮೊದಲು ತೆಗೆದುಬಿಡುವುದು ಉಚಿತವೆಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನೊಂದು ಸಣ್ಣ ವಿಷಯವನ್ನು ಅನೇಕರು ಅರಿಯರು. ಉಗುರು ನೀರು ಹೀರಿ ಉಬ್ಬುತ್ತದೆ. ಪಾತ್ರೆ ತೊಳೆದು, ಬಟ್ಟೆ ಒಗೆದು ಕೂಡಲೇ ಹಚ್ಚಿದರೆ, ಉಗುರು ಒಣಗಿ ಕುಗ್ಗಿದಾಗ ಮೇಲಿನ ಪೊರೆ ಸಡಿಲಗೊಳ್ಳುತ್ತದೆ. ಕೈ ಚೆನ್ನಾಗಿ ಒಣಗಿದ ಮೇಲೆ, ಎಣ್ಣೆಯ ಪಸೆಯನ್ನು ರಿಮೂವರ್ ಅದ್ದಿದ ಹತ್ತಿಯಿಂದ ಒರೆಸಿಕೊಂಡು ಆರಂಭಿಸಿದರೆ ಬಾಳಿಕೆ ಹೆಚ್ಚು. ಬಾಟಲಿಯನ್ನು ಕುಲುಕಿದರೆ ಗುಳ್ಳೆಗಳಾಗುತ್ತವೆ; ಅಂಗೈಗಳ ನಡುವೆ ಬತ್ತಿ ಹೊಸೆದಂತೆ ಉರುಳಿಸಬೇಕು.

ಋತುವಿನ ಪ್ರಭಾವವೂ ಇದೆ. ಮಳೆಗಾಲದಲ್ಲಿ ಹಚ್ಚಿದ ಬಣ್ಣದ ಮೇಲೆ ಕೆಲವೊಮ್ಮೆ ಮಂಜಿನಂಥ ಬಿಳುಪು ಕಾಣುತ್ತದೆ. ದ್ರಾವಕ ವೇಗವಾಗಿ ಹಾರುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವಾಂಶ ಅದರ ಮೇಲೆ ಕೂಡುವುದೇ ಇದಕ್ಕೆ ಕಾರಣ. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಿ ಕೈಗೆ ಮದರಂಗಿ ಹಚ್ಚಿಕೊಳ್ಳುವ ಪಂಚಮಿ ಹಬ್ಬ ಬರುವುದು ಶ್ರಾವಣದ ಜಿಟಿಜಿಟಿಯಲ್ಲೇ. ಆ ದಿನಗಳಲ್ಲಿ ‘ಬಣ್ಣ ಬೆಳ್ಳಗಾಯಿತು’ ಎಂದು ಬಾಟಲಿ ಹಿಂತಿರುಗಿಸಲು ಬಂದವರಿಗೆ ಈ ಕಾರಣವನ್ನು ವಿವರಿಸಿ, ಇನ್ನೂ ತೆಳುವಾಗಿ ಹಚ್ಚಲು ಹೇಳಿದರೆ ಮಾಲು ಹಿಂದಕ್ಕೆ ಬರುವುದು ತಪ್ಪೀತು.

ಇಳಕಲ್ ಸೆರಗು ಉಗುರಿನ ಮೇಲೆ

ವಿಡಿಯೊಗಳಲ್ಲಿ ಕಾಣುವ ವಿನ್ಯಾಸಗಳು ಬಹುಪಾಲು ಹೊರದೇಶದವು. ಆದರೆ ಬೆಳಗಾವಿ, ಬಾಗಲಕೋಟೆ ಸೀಮೆಯ ನೇಯ್ಗೆಯಲ್ಲಿ ಅವುಗಳಿಗಿಂತ ಚೆಲುವಾದ ಮಾದರಿಗಳಿವೆ. ಮದುವೆ, ಸೀಮಂತಗಳಲ್ಲಿ ಉಡುವ ಸೀರೆಗೆ ಒಪ್ಪುವ ಉಗುರು ಎಂದರೆ ಗಿರಾಕಿಯೂ ಆಸಕ್ತಿ ತಳೆಯುತ್ತಾಳೆ.

ಇಳಕಲ್ ಸೀರೆಯ ತೋಪು ತೆನಿ ಸೆರಗನ್ನು ತೆಗೆದುಕೊಳ್ಳಬಹುದು. ಕೆಂಪು ನೆಲದ ಮೇಲೆ ಬಿಳಿಯ ಹಲ್ಲುಹಲ್ಲಾದ ಸಾಲು ಅದರ ಗುರುತು. ಬೇಸ್ ಕೋಟ್ ಒಣಗಿದ ಮೇಲೆ ಕಡುಗೆಂಪಿನ ಎರಡು ತೆಳು ಲೇಪ. ಊಟ ಮುಗಿಸಿ ಬರುವಷ್ಟು ಹೊತ್ತು ಬಿಡುವು. ಬಿಳಿ ಬಣ್ಣದ ಒಂದೆರಡು ಹನಿಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿಕೊಂಡು, ಹಲ್ಲುಕಡ್ಡಿಯ ತುದಿಯಿಂದ ಉಗುರಿನ ಅಂಚಿನಲ್ಲಿ ಸಣ್ಣ ತ್ರಿಕೋನಗಳನ್ನು ಇಡುತ್ತ ಹೋಗಬೇಕು. ಕಡ್ಡಿಯಲ್ಲಿ ನಿಲ್ಲುವ ಬಣ್ಣ ಅತ್ಯಲ್ಪ, ಆದ್ದರಿಂದ ದ್ರಾವಕವೂ ಅಲ್ಪ. ಕೆಳಗಿನ ಕೆಂಪು ಕರಗಿ ಮೇಲೇಳುವುದಿಲ್ಲ. ಇದೇ ಚಿತ್ರವನ್ನು ಬಾಟಲಿಯ ಅಗಲ ಕುಂಚದಿಂದ ಮಾಡಹೋದರೆ ಗುಲಾಬಿ ಕಲೆ ಖಂಡಿತ. ಹತ್ತೂ ಬೆರಳಿಗೆ ಇದನ್ನು ಬರೆಯುವುದು ಹೊಸಬರಿಗೆ ಆಗದ ಮಾತು. ಉಂಗುರದ ಬೆರಳೊಂದಕ್ಕೆ ಸೆರಗು, ಉಳಿದವಕ್ಕೆ ಬರಿಯ ಕೆಂಪು ಸಾಕು. ನೋಡಲೂ ಅದೇ ಚೆಂದ.

ಗುಳೇದಗುಡ್ಡದ ಖಣದ ಮಿನುಗನ್ನು ತರಲು ಬೇರೆ ಉಪಾಯವಿದೆ. ಮೊದಲು ಪಾರಕ ಗುಣದ, ಅಂದರೆ ಒಳಗಿನದು ಅರೆಬರೆ ಕಾಣುವ ನೇರಳೆ ಅಥವಾ ಹಸಿರು ಬಣ್ಣದ ಒಂದು ಲೇಪ, ಅದರ ಮೇಲೆ ಬಂಗಾರದ ಮಿನುಗಿನ ಲೇಪ, ಮತ್ತೆ ಅದೇ ಪಾರಕ ಬಣ್ಣದ ಲೇಪ. ಮಿನುಗು ಎರಡು ಬಣ್ಣಗಳ ನಡುವೆ ಸಿಲುಕಿ, ನೀರಿನಡಿಯ ನಾಣ್ಯದಂತೆ ಆಳದಲ್ಲಿ ಹೊಳೆಯುತ್ತದೆ. ಇದಕ್ಕೆ ದಟ್ಟ ಬಣ್ಣ ಉಪಯೋಗಕ್ಕೆ ಬಾರದು, ಮಿನುಗೆಲ್ಲ ಮುಚ್ಚಿಹೋಗುತ್ತದೆ. ‘ಎರಡು ಸಲ ಹಚ್ಚಿದರೂ ಉಗುರು ಕಾಣುತ್ತದೆ’ ಎಂಬ ದೂರಿಗೆ ಗುರಿಯಾಗಿ ಅಂಗಡಿಯಲ್ಲಿ ಉಳಿದುಹೋದ ತೆಳು ಬಣ್ಣದ ಬಾಟಲಿಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಅರಿಸಿನದಿಂದ ಕುಂಕುಮಕ್ಕೆ ಹೊರಳುವ ವರ್ಣಛಾಯೆಗೆ ಸ್ಪಂಜಿನ ತುಂಡು ಬೇಕು. ಬಿಳಿಯ ನೆಲದ ಮೇಲೆ, ಸ್ಪಂಜಿಗೆ ಹಳದಿ ಮತ್ತು ಕೆಂಪನ್ನು ಅಕ್ಕಪಕ್ಕ ಹಚ್ಚಿ ಮೆಲ್ಲಗೆ ತಟ್ಟಬೇಕೇ ಹೊರತು ಎಳೆಯಬಾರದು. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಸವರಿಕೊಂಡರೆ ಅನಂತರ ಒರೆಸುವುದು ಸುಲಭ.

ಗೃಹೋದ್ಯಮದ ಎಡೆ

ಉಗುರುಬಣ್ಣವನ್ನೇ ತಯಾರಿಸುವ ಆಲೋಚನೆ ಸಣ್ಣ ಉದ್ಯಮಿಗಳಿಗೆ ಆಕರ್ಷಕವೆನಿಸಬಹುದು. ನೈಟ್ರೋಸೆಲ್ಯುಲೋಸ್ ಒಣಗಿದ ಸ್ಥಿತಿಯಲ್ಲಿ ಸಿಡಿಯುವ ವಸ್ತು, ಆಲ್ಕೋಹಾಲಿನಲ್ಲಿ ನೆನೆಸಿಯೇ ಸಾಗಿಸುತ್ತಾರೆ. ಸಗಟಿನಲ್ಲಿ ಬಣ್ಣ ತರಿಸಿ ಬಾಟಲಿಗೆ ತುಂಬಿ ಸ್ವಂತ ಹೆಸರಿನ ಚೀಟಿ ಅಂಟಿಸುವುದೂ ಕಾನೂನಿನ ದೃಷ್ಟಿಯಲ್ಲಿ ತಯಾರಿಕೆಯೇ, ಪರವಾನಗಿ ಅನಿವಾರ್ಯ. ಮನೆಯ ಹಿತ್ತಿಲಲ್ಲಿ ಮಾಡುವ ಕೆಲಸ ಇದಲ್ಲ.

ಆದರೆ ಬಾಟಲಿಯ ಸುತ್ತಲಿನ ಸಾಮಾನುಗಳ ಮಾತು ಬೇರೆ. ಚುಕ್ಕಿ ಇಡುವ ಉಪಕರಣವೆಂದರೆ ಕಟ್ಟಿಗೆಯ ಹಿಡಿ, ತುದಿಗೆ ಗುಂಡು ತಲೆಯ ತಂತಿ, ಅಷ್ಟೇ. ಗೋಕಾಕದ ಹಾಗೂ ಚನ್ನಪಟ್ಟಣದ ಮರದ ಕುಶಲಕರ್ಮಿಗಳಿಗೆ ಇದು ಎಡಗೈ ಕೆಲಸ. ಚನ್ನಪಟ್ಟಣದವರಂತೂ ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣದ ಲೇಪ ಕೂರಿಸುವುದರಲ್ಲಿ ತಲೆಮಾರುಗಳಿಂದ ಪಳಗಿದವರು. ಇನ್ನು ವಾಹನಗಳಿಗೆ ರೇಡಿಯಂ ಅಕ್ಷರ ಕತ್ತರಿಸುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ. ಅವರ ಯಂತ್ರದಲ್ಲಿ ಉಳಿಕೆ ಸ್ಟಿಕರ್ ತುಂಡುಗಳಿಂದಲೇ ಗೋಪುರ, ತೇರು, ನವಿಲಿನಂಥ ಕಸೂತಿ ಮಾದರಿಯ ಕಿಂಡಿಗಳನ್ನು ಕತ್ತರಿಸಬಹುದು. ಕಿಂಡಿಯನ್ನು ಒಣಗಿದ ಬಣ್ಣದ ಮೇಲೆ ಅಂಟಿಸಿ, ಮೇಲೆ ಇನ್ನೊಂದು ಬಣ್ಣ ಸವರಿ, ಆ ಬಣ್ಣ ಹಸಿಯಿರುವಾಗಲೇ ಎತ್ತಿದರೆ ಅಂಚು ಸ್ಫುಟವಾಗಿ ಮೂಡುತ್ತದೆ. ಸ್ಟಿಕರಿನ ಅಂಟು ಜೋರಾಗಿದ್ದರೆ ಕೆಳಗಿನ ಬಣ್ಣವನ್ನೇ ಎಬ್ಬಿಸೀತು. ಮೊದಲು ಅಂಗೈಗೆ ಎರಡು ಬಾರಿ ಅಂಟಿಸಿ ಕಿತ್ತರೆ ಅಂಟಿನ ಬಿಗಿ ಇಳಿಯುತ್ತದೆ. ಮೇಲಿನ ಕ್ರಮಗಳನ್ನು ಕನ್ನಡದಲ್ಲಿ ಒಂದು ಅಂಗೈಯಗಲದ ಕಾರ್ಡಿನಲ್ಲಿ ಮುದ್ರಿಸಿ ಬಾಟಲಿಯೊಡನೆ ಕೊಡುವುದು ಊರಿನ ಮುದ್ರಣಾಲಯಕ್ಕೂ ಒಂದಿಷ್ಟು ಕೆಲಸ.

ಸೆಟ್ ಕಟ್ಟುವ ಮುನ್ನ

ಹಬ್ಬ ಜಾತ್ರೆಗಳಲ್ಲಿ ಬಳೆ, ಟಿಕಳಿ, ನೇಲ್ ಪಾಲಿಶ್ ಸೇರಿಸಿ ಒಂದೇ ಬೆಲೆಗೆ ‘ಸೆಟ್’ ಮಾರುವ ರೂಢಿಯುಂಟು. ಇಲ್ಲಿ ತೆರಿಗೆಯ ಒಂದು ಕೊಕ್ಕೆಯಿದೆ. ಗಾಜಿನ ಬಳೆ, ಕುಂಕುಮ, ಟಿಕಳಿ, ಆಲ್ತಾಗಳಿಗೆ ಜಿಎಸ್‌ಟಿ ಇಲ್ಲ. ಉಗುರುಬಣ್ಣಕ್ಕೆ 2017ರ ಜುಲೈನಲ್ಲಿ ಶೇ. 28 ಇದ್ದ ದರ ಅದೇ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು, 2025ರ ಸೆಪ್ಟೆಂಬರ್ ಪರಿಷ್ಕರಣೆಯಲ್ಲಿ ಮುಖದ ಪೌಡರ್ ಶೇ. 5ಕ್ಕೆ ಬಂದರೂ ಉಗುರುಬಣ್ಣ ಶೇ. 18ರಲ್ಲೇ ಉಳಿಯಿತು. ಬೇರೆ ಬೇರೆ ದರದ, ಒಂದಕ್ಕೊಂದು ಸಹಜವಾಗಿ ಅಂಟಿಕೊಂಡಿರದ ಸರಕುಗಳನ್ನು ಕೂಡಿಸಿ ಒಂದೇ ಬೆಲೆಗೆ ಮಾರಿದರೆ ಅದು ‘ಮಿಶ್ರ ಪೂರೈಕೆ’ ಎನಿಸಿಕೊಳ್ಳುತ್ತದೆ, ಅವುಗಳಲ್ಲಿ ಅತಿ ಹೆಚ್ಚಿನ ದರವೇ ಇಡೀ ಸೆಟ್ಟಿಗೆ ಅನ್ವಯಿಸುತ್ತದೆ.

ಉದಾಹರಣೆಗೆ ತೆರಿಗೆ ಸೇರಿ 118 ರೂಪಾಯಿಯ ಪಾಲಿಶ್, 60ರ ಬಳೆ, 22ರ ಟಿಕಳಿ ಎಂದಿಟ್ಟುಕೊಳ್ಳೋಣ. ಬಿಲ್ಲಿನಲ್ಲಿ ಬೇರೆ ಬೇರೆ ಬೆಲೆ ತೋರಿಸಿದರೆ ತೆರಿಗೆ 18 ರೂಪಾಯಿ. 200 ರೂಪಾಯಿಯ ಒಂದೇ ಸೆಟ್ಟೆಂದು ಮಾರಿದರೆ ತೆರಿಗೆ 30 ರೂಪಾಯಿ 51 ಪೈಸೆ. ನೂರು ಸೆಟ್ಟಿಗೆ 1,251 ರೂಪಾಯಿ ಲಾಭದಿಂದ ಕಳೆಯಿತು. ರಾಜಿ ತೆರಿಗೆ ಯೋಜನೆಯಲ್ಲಿ ವಹಿವಾಟಿನ ಶೇ. 1ರಷ್ಟು ಕಟ್ಟುವ ವರ್ತಕರ ಲೆಕ್ಕ ಬೇರೆ. ಸಾಮಾನ್ಯ ನೋಂದಣಿಯವರು ಮಾತ್ರ ಸಾಮಾನುಗಳನ್ನು ಒಂದೇ ಚೀಲದಲ್ಲಿ ಕೊಟ್ಟರೂ ಪ್ರತಿಯೊಂದನ್ನೂ ಬೇರೆ ಬೆಲೆಯಲ್ಲಿ, ಬಿಡಿಯಾಗಿ ಕೊಳ್ಳುವ ಅವಕಾಶವಿಟ್ಟು ಮಾರುವುದು ಲೇಸು. ಬೇಸ್ ಕೋಟ್, ಬಣ್ಣ, ಟಾಪ್ ಕೋಟ್‌ಗಳಷ್ಟೇ ಇರುವ ಸೆಟ್ಟಿಗೆ ಈ ತೊಡಕಿಲ್ಲ, ಮೂರಕ್ಕೂ ದರ ಒಂದೇ.

ಸೌಂದರ್ಯವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಪರವಾನಗಿ ಬೇಕಿಲ್ಲ. ಹಾಗೆಂದು ಹೊಣೆ ಇಲ್ಲವೆಂದಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಪರವಾನಗಿಯಿಲ್ಲದೆ ತಯಾರಿಸಿದ ಅಥವಾ ನೋಂದಣಿಯಿಲ್ಲದೆ ಆಮದಾದ ಮಾಲನ್ನು ಮಾರುವುದೂ ಅಪರಾಧ. ತಯಾರಕರ ಹೆಸರು ಮತ್ತು ಸ್ಥಳ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ, ಆಮದಿನದಾದರೆ ನೋಂದಣಿ ಸಂಖ್ಯೆ, ಇವಿಷ್ಟನ್ನು ನೋಡದೆ ಜಾತ್ರೆಗಾಗಿ ಡಜನ್ ಲೆಕ್ಕದಲ್ಲಿ ಹೆಸರಿಲ್ಲದ ಬಾಟಲಿ ಎತ್ತುವುದು ಅವಿವೇಕ. ಸಣ್ಣ ಬಾಟಲಿಗಳ ಮೇಲೆ ಘಟಕಗಳ ಪಟ್ಟಿ ಮುದ್ರಿಸುವ ಕಡ್ಡಾಯವಿಲ್ಲದಿರುವುದರಿಂದ ಒಳಗೆ ಏನಿದೆಯೆಂದು ವರ್ತಕನಿಗೂ ತಿಳಿಯದು. ಸಗಟು ವ್ಯಾಪಾರಿಯ ಪಕ್ಕಾ ಬಿಲ್ಲೇ ಆತನಿಗಿರುವ ರಕ್ಷಣೆ. ದೀಪದಡಿ ಗಟ್ಟಿಯಾಗುವ ಜೆಲ್ ಪಾಲಿಶ್ ಬೇರೆಯೇ ರಸಾಯನ. ಅದು ಹಸಿಯಾಗಿ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗುವ ಸಂಭವವಿದೆ. ಅಂತಹ ಜೆಲ್‌ಗಳಲ್ಲಿ ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಮನೆಬಳಕೆಗೆ ಅದನ್ನು ಒತ್ತಾಯಿಸಿ ಮಾರದಿರುವುದೇ ಒಳ್ಳೆಯದು.

ಜಾತ್ರೆಯ ಅಂಗಡಿಯಲ್ಲಿ

ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ, ಅನಂತರ ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಈ ಭಾಗದ ಬಳೆ ವ್ಯಾಪಾರದ ಸುಗ್ಗಿ. ತಗಡು, ಬಟ್ಟೆಗಳ ತಾತ್ಕಾಲಿಕ ಅಂಗಡಿಯಲ್ಲಿ ದೇವರ ಪಟದ ಮುಂದೆ ದೀಪ, ಊದುಬತ್ತಿ ಇದ್ದೇ ಇರುತ್ತದೆ. ಈಥೈಲ್ ಅಸಿಟೇಟಿನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗಿನ ಉಷ್ಣಾಂಶದಲ್ಲೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲಪುತ್ತದೆ. ರಿಮೂವರಿನ ಅಸಿಟೋನ್ ಇನ್ನೂ ಚುರುಕು. ಬಾಟಲಿಗಳ ಪೆಟ್ಟಿಗೆಯನ್ನು ದೀಪದಿಂದಲೂ ಚಹದ ಒಲೆಯಿಂದಲೂ ದೂರವಿಡಬೇಕು, ಒಡೆದುದನ್ನು ಕೂಡಲೇ ಬಟ್ಟೆಯಿಂದ ಎತ್ತಿ ಆ ಬಟ್ಟೆಯನ್ನು ಹೊರಗೆ ಹಾಕಬೇಕು.

ಉಗುರಿನಾಕಾರದ ಪ್ಲಾಸ್ಟಿಕ್ ತುಂಡುಗಳ ಮೇಲೆ ಬೇಸ್ ಕೋಟ್ ಮಾತ್ರ, ಒಂದು ಲೇಪ, ಎರಡು ಲೇಪ, ವಿನ್ಯಾಸ, ಟಾಪ್ ಕೋಟ್ ಎಂದು ಹಂತ ಹಂತವಾಗಿ ಹಚ್ಚಿ ರಟ್ಟಿಗೆ ಅಂಟಿಸಿ ತೂಗುಹಾಕಿದರೆ, ಗದ್ದಲದ ನಡುವೆ ಬಾಯಿಮಾತಿನ ವಿವರಣೆ ಅರ್ಧಕ್ಕರ್ಧ ಉಳಿಯುತ್ತದೆ. ಬಣ್ಣ ತೋರಿಸಲು ತೆರೆದ ಬಾಟಲಿಯ ಕೊರಳನ್ನು ಪ್ರತಿ ಸಂಜೆ ಒರೆಸಿ ಬಿಗಿಯಾಗಿ ಮುಚ್ಚಬೇಕು. ಕೊರಳಲ್ಲಿ ಬಣ್ಣ ಕಟ್ಟಿಕೊಂಡರೆ ಮುಚ್ಚಳ ಕೂರದೆ ದ್ರಾವಕ ಹಾರುತ್ತಲೇ ಇರುತ್ತದೆ. ಜಾತ್ರೆ ಮುಗಿದು ಉಳಿದ ಮಾಲನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೆ ಅಸಿಟೋನ್ ಅಥವಾ ಪೇಂಟ್ ಅಂಗಡಿಯ ಥಿನ್ನರ್ ಬೆರೆಸಿ ಮಾರುವ ಅಭ್ಯಾಸವನ್ನು ಬಿಡಬೇಕು. ಅಸಿಟೋನ್ ಪೊರೆಯ ಹೊಂದಿಕೆಯನ್ನೇ ಕೆಡಿಸುತ್ತದೆ, ಪೇಂಟ್ ಥಿನ್ನರಿನಲ್ಲಿ ಚರ್ಮಕ್ಕೆ ತಾಗಬಾರದ ದ್ರಾವಕಗಳಿರುತ್ತವೆ. ಗಿರಾಕಿಯ ಮನೆಯಲ್ಲಿ ಗಟ್ಟಿಯಾದ ಬಾಟಲಿಗೆ ಉಗುರುಬಣ್ಣಕ್ಕೆಂದೇ ಸಿಗುವ ಥಿನ್ನರಿನ ಎರಡು ಮೂರು ಹನಿ ಸಾಕು, ಅದರ ಸಣ್ಣ ಶೀಷೆಯೂ ಟ್ರೇಯಲ್ಲಿ ಮಾರಾಟಕ್ಕಿರಲಿ.